ಕೋಡೆಕ್ ಪ್ಯಾಕ್ ಬೇಡ, ಒಂದು ಪ್ಲೇಯರ್ ಸಾಕು

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಕಂಪ್ಯೂಟರ್ ಪ್ರಶ್ನೋತ್ತರ ಅಂಕಣದಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಹೊಸ ಕಂಪ್ಯೂಟರ್‌ನಲ್ಲಿ ಕೆಲವು ವಿಡಿಯೊ ಫೈಲ್‌ಗಳು ತೆರೆಯುವುದೇ ಇಲ್ಲ, ಇನ್ನು ಕೆಲವಕ್ಕೆ ಚಿತ್ರ ಬರುತ್ತದೆ, ಧ್ವನಿ ಇಲ್ಲ, ಏನು ಮಾಡಲಿ ಅಂತ. ಉತ್ತರ ಎರಡೇ ಸಾಲು. ಇಂಟರ್‌ನೆಟ್‌ನಲ್ಲಿ ಕೋಡೆಕ್ ಪ್ಯಾಕ್ ಅಂತ ಹುಡುಕಿ, ಸಿಕ್ಕಿದ್ದನ್ನು ಇನ್‌ಸ್ಟಾಲ್ ಮಾಡಿಕೊಳ್ಳಿ, ಎಲ್ಲ ಸರಿಯಾಗುತ್ತದೆ!

ಸರಿಯಾಗುವುದಿಲ್ಲ ಸ್ವಾಮಿ. ಇದೇ ಸಲಹೆ ಕೇಳಿ ನಾನೊಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಆಗಲೂ ಹೀಗೇ ಹುಡುಕಿದೆ, ಮೇಲೆ ಕಂಡ ಕೊಂಡಿ ಒತ್ತಿದೆ, ನೆಕ್ಸ್ಟ್ ನೆಕ್ಸ್ಟ್ ಅಂತ ಓದದೆ ಒತ್ತುತ್ತಾ ಹೋದೆ. ಮುಗಿದ ಮೇಲೆ ನೋಡಿದರೆ ಬ್ರೌಸರ್‌ನ ಮುಖಪುಟವೇ ಬದಲಾಗಿತ್ತು. ತಲೆಯ ಮೇಲೆ ಎರಡು ಟೂಲ್‌ಬಾರ್ ಬಂದು ಕೂತಿದ್ದವು, ಗಂಟೆಗೊಮ್ಮೆ ನಿಮ್ಮ ಕಂಪ್ಯೂಟರ್ ನಿಧಾನವಾಗಿದೆ ಅಂತ ಹೆದರಿಸುವ ಕಿಟಕಿ ಬೇರೆ. ನಾನು ನೋಡಬೇಕಿದ್ದ ವಿಡಿಯೊ ಮಾತ್ರ ಆಗಲೂ ತೆರೆಯಲಿಲ್ಲ. ಜೊತೆಗೆ ಮೊದಲು ಚೆನ್ನಾಗಿ ಓಡುತ್ತಿದ್ದ ಹಳೆಯ ಫೈಲ್‌ಗಳೂ ತಲೆಕೆಳಗಾಗಿ ಕಾಣತೊಡಗಿದವು. ಉತ್ಪ್ರೇಕ್ಷೆ ಅಲ್ಲ, ಚಿತ್ರ ನಿಜವಾಗಿಯೂ ತಲೆಕೆಳಗಾಗಿತ್ತು.

ನನ್ನ ಸಲಹೆ ವಿಎಲ್‌ಸಿ ಅನ್ನುವ ಉಚಿತ ವಿಡಿಯೊ ಪ್ಲೇಯರ್. ಆದರೆ ಮೊದಲು ತೊಂದರೆ ಎಲ್ಲಿ ಅಂತ ಹೇಳುತ್ತೇನೆ. ವಿಡಿಯೊ ಫೈಲ್ ಅಂದರೆ ಒಂದು ಡಬ್ಬಿ. ಎಂಪಿ4, ಎಂಕೆವಿ, ಎವಿಐ ಎಲ್ಲ ಡಬ್ಬಿಯ ಹೆಸರುಗಳು, ಅಷ್ಟೇ. ಒಳಗಿರುವ ಚಿತ್ರವನ್ನೂ ಧ್ವನಿಯನ್ನೂ ಬೇರೆ ಬೇರೆ ರೀತಿಯಲ್ಲಿ ಒತ್ತಿ ಚಿಕ್ಕದು ಮಾಡಿ ತುಂಬಿರುತ್ತಾರೆ. ಹಾಗೆ ಒತ್ತುವ, ಮತ್ತೆ ಬಿಡಿಸುವ ವಿಧಾನಕ್ಕೇ ಕೋಡೆಕ್ ಅನ್ನುವುದು. ಚಿತ್ರಕ್ಕೆ 2003ರಲ್ಲಿ ಬಂದ ಎಚ್.264 ಇದೆ, 2013ರ ಎಚ್.265 ಇದೆ, 2018ರ ಎವಿ1 ಇದೆ. ಧ್ವನಿಗೆ ಎಎಸಿ, ಎಸಿ3 ಹೀಗೆ ಇನ್ನೊಂದಷ್ಟು. ಡಬ್ಬಿ ತೆರೆಯಿತು, ಚಿತ್ರ ಬಿಡಿಸುವುದು ಗೊತ್ತಿದೆ, ಧ್ವನಿ ಬಿಡಿಸುವುದು ಗೊತ್ತಿಲ್ಲ ಅಂದರೆ ಆ ಓದುಗರಿಗೆ ಆದ ಹಾಗೆ ಮೂಕಿ ಸಿನಿಮಾ ಆಗುತ್ತದೆ. ಕೆಲವರು ಫೈಲ್ ಹೆಸರಿನ ಕೊನೆಯಲ್ಲಿರುವ ಎಂಕೆವಿ ಅಳಿಸಿ ಎಂಪಿ4 ಅಂತ ಬರೆದು ನೋಡುತ್ತಾರೆ. ಡಬ್ಬಿಯ ಮೇಲಿನ ಚೀಟಿ ಬದಲಾಯಿಸಿದರೆ ಒಳಗಿನ ಸಾಮಾನು ಬದಲಾಗುತ್ತದಾ?

ಕೋಡೆಕ್ ಪ್ಯಾಕ್ ಮಾಡುವುದು ಏನೆಂದರೆ, ಬಿಡಿಸುವ ಸಾಧನಗಳನ್ನೆಲ್ಲ ವಿಂಡೋಸ್‌ನ ಒಳಗೇ ತಂದು ತುರುಕುವುದು. ಅಲ್ಲಿ ಮೊದಲೇ ಇದ್ದವಕ್ಕೂ ಹೊಸದಾಗಿ ಬಂದವಕ್ಕೂ ಹೊಂದಾಣಿಕೆ ಆಗದೆ ಜಗಳ ಶುರುವಾಗುತ್ತದೆ. ನನ್ನ ಚಿತ್ರ ತಲೆಕೆಳಗಾದದ್ದು ಹಾಗೆ. ಇದರ ಬದಲು ಬಿಡಿಸುವ ಸಾಧನಗಳನ್ನೆಲ್ಲ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು ಬರುವ ಪ್ಲೇಯರ್ ಹಾಕಿಕೊಂಡರೆ ವಿಂಡೋಸ್‌ನ ತಂಟೆಗೇ ಹೋಗಬೇಕಾಗಿಲ್ಲ. ಅಂಥದ್ದರಲ್ಲಿ ಎಲ್ಲರಿಗೂ ಸುಲಭವಾಗಿ ಸಿಗುವುದು ವಿಎಲ್‌ಸಿ. ಅದೇ, ಕಿತ್ತಳೆ ಬಣ್ಣದ ಟ್ರಾಫಿಕ್ ಕೋನ್ ಚಿತ್ರ ಇರುವುದು. ಪ್ಯಾರಿಸ್ಸಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು 1996ರಲ್ಲಿ ಕ್ಯಾಂಪಸ್ ನೆಟ್‌ವರ್ಕ್ ಮೇಲೆ ವಿಡಿಯೊ ಕಳಿಸುವುದಕ್ಕೆ ಅಂತ ಶುರು ಮಾಡಿದ ಕೆಲಸ ಇದು. 2001ರಲ್ಲಿ ಇದರ ಮೂಲ ಕೋಡನ್ನೇ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಆ ಹುಡುಗರು ರಸ್ತೆಯ ಕೋನ್‌ಗಳನ್ನು ತಂದು ಗುಡ್ಡೆ ಹಾಕಿಕೊಂಡಿದ್ದರಂತೆ, ಅದೇ ಗುರುತಾಯಿತು. ಡಿಸೆಂಬರ್ ಕೊನೆಯಲ್ಲಿ ಆ ಕೋನ್‌ಗೆ ಸಾಂತಾ ಟೋಪಿ ಬರುತ್ತದೆ. ವೈರಸ್ ಬಂತು ಅಂತ ಗಾಬರಿಯಾದವರನ್ನು ನಾನು ನೋಡಿದ್ದೇನೆ!

ಡೌನ್‌ಲೋಡ್ ಮಾಡುವಾಗ ಮಾತ್ರ ಸ್ವಲ್ಪ ಎಚ್ಚರ ಬೇಕು. ಅಸಲಿ ಜಾಗ ವಿಡಿಯೊಲ್ಯಾನ್ ಡಾಟ್ ಆರ್ಗ್ (videolan.org). ವಿಎಲ್‌ಸಿ ಅಂತ ಹುಡುಕಿದರೆ ಇದೇ ಹೆಸರು, ಇದೇ ಕೋನ್ ಹಚ್ಚಿಕೊಂಡ ನಕಲಿ ಪುಟಗಳೂ ಸಿಗುತ್ತವೆ, ಜಾಹೀರಾತಿನ ರೂಪದಲ್ಲಿ ಎಲ್ಲಕ್ಕಿಂತ ಮೇಲೂ ಬಂದು ಕೂರಬಹುದು. ಆದ್ದರಿಂದ ಹುಡುಕುವ ಬದಲು ವಿಳಾಸವನ್ನೇ ಟೈಪ್ ಮಾಡುವುದು ಒಳ್ಳೆಯದು. ಎಲ್ಲಾದರೂ ದುಡ್ಡು ಕೇಳಿದರೆ, ಅಥವಾ ಇದರ ಜೊತೆ ಇನ್ನೊಂದು ಸಾಫ್ಟ್‌ವೇರ್ ಹಾಕಿಕೊಳ್ಳಿ ಅಂತ ಟಿಕ್ ಗುರುತು ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಅಸಲಿಯಲ್ಲಿ ದುಡ್ಡೂ ಇಲ್ಲ, ಜಾಹೀರಾತೂ ಇಲ್ಲ.

ಮೊದಲ ಸಲ ತೆರೆದಾಗ ಒಂದು ಪ್ರಶ್ನೆ ಕೇಳುತ್ತದೆ. ಹಾಡಿನ ಮಾಹಿತಿ, ಆಲ್ಬಮ್ ಚಿತ್ರ ಇತ್ಯಾದಿಗಳನ್ನು ಇಂಟರ್‌ನೆಟ್‌ನಿಂದ ತರಲಾ ಅಂತ. ನೀವು ಏನು ಕೇಳುತ್ತೀರಿ ಅನ್ನುವುದು ಹೊರಗೆ ಹೋಗಬಾರದು ಅನ್ನಿಸಿದರೆ ಟಿಕ್ ತೆಗೆದುಬಿಡಿ. ಆಮೇಲೆ ಒಂದು ವಿಡಿಯೊ ಮೇಲೆ ಡಬಲ್ ಕ್ಲಿಕ್ ಮಾಡಿ. ಮತ್ತೆ ಹಳೆಯ ಪ್ಲೇಯರೇ ತೆರೆದರೆ ವಿಎಲ್‌ಸಿ ಕೆಟ್ಟಿದೆ ಅಂದುಕೊಳ್ಳಬೇಡಿ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಓಪನ್ ವಿತ್ ಒತ್ತಿ, ವಿಎಲ್‌ಸಿ ಆರಿಸಿ, ಯಾವಾಗಲೂ ಇದರಲ್ಲೇ ತೆರೆ ಅಂತ ಹೇಳಿದರಾಯಿತು. ಒಂದೊಂದು ಬಗೆಯ ಫೈಲ್‌ಗೂ ಒಂದೊಂದು ಸಲ ಹೇಳಬೇಕು. ನನ್ನನ್ನು ಕೇಳುವವರಲ್ಲಿ ಅರ್ಧ ಜನ ಎಡವುವುದು ಇಲ್ಲೇ.

ಇನ್ನು ನಮ್ಮವರಿಗೆ ಜಾಸ್ತಿ ತಲೆನೋವು ಕೊಡುವ ವಿಷಯಕ್ಕೆ ಬರುತ್ತೇನೆ. ಕನ್ನಡ ಸಬ್‌ಟೈಟಲ್. ನಿಮ್ಮ ಅಂಕಣದಲ್ಲಿ ಇದರ ಬಗ್ಗೆ ಒಂದು ಸಾಲೂ ಬಂದದ್ದನ್ನು ನಾನು ನೋಡಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನ ತಂಗಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಒಂದು ವಿಜ್ಞಾನದ ವಿಡಿಯೊಗೆ ಕೂತು ಕನ್ನಡ ಸಬ್‌ಟೈಟಲ್ ಟೈಪ್ ಮಾಡಿದ್ದಳು, ಹನ್ನೆರಡು ನಿಮಿಷದ ವಿಡಿಯೊಗೆ ಮೂರು ಸಂಜೆ. ಪ್ಲೇಯರ್‌ನಲ್ಲಿ ಹಾಕಿದರೆ ಪರದೆಯ ಕೆಳಗೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಅಳುವುದೊಂದೇ ಬಾಕಿ. ನಾನು ನೋಡಿದಾಗ ಗೊತ್ತಾಯಿತು, ಅವಳ ಹಳೆಯ ಕಂಪ್ಯೂಟರ್‌ನ ನೋಟ್‌ಪ್ಯಾಡ್ ಫೈಲನ್ನು ಎಲ್ಲ ಭಾಷೆಯ ಅಕ್ಷರಗಳನ್ನೂ ಉಳಿಸುವ ಯುಟಿಎಫ್-8 ಕ್ರಮದ ಬದಲು ಆನ್ಸಿ ಅನ್ನುವ ಹಳೆಯ ಕ್ರಮದಲ್ಲಿ ಸೇವ್ ಮಾಡಿತ್ತು. ಆ ಕ್ರಮದಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಸೇವ್ ಮಾಡುವಾಗ ಕನ್ನಡ ಅಕ್ಷರಗಳು ಹೋಗುತ್ತವೆ ಅಂತ ಅದು ಎಚ್ಚರಿಸಿಯೂ ಇತ್ತಂತೆ, ಇವಳು ಓಕೆ ಒತ್ತಿದ್ದಳು. ಅಕ್ಷರ ಒಂದೊಂದೂ ಅಳಿಸಿ ಹೋಗಿ ಅದರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕೂತಿತ್ತು. ಯಾವ ಸೆಟ್ಟಿಂಗ್ ಬದಲಾಯಿಸಿದರೂ ಅದು ವಾಪಸ್ ಬರುವುದಿಲ್ಲ. ಪುಣ್ಯಕ್ಕೆ ಅವಳು ಮೊದಲ ಪ್ರತಿಯನ್ನು ಇಮೇಲ್‌ನಲ್ಲಿ ನನಗೆ ಕಳಿಸಿದ್ದಳು, ಬದುಕಿದೆವು.

ಅವತ್ತಿನಿಂದ ನಾನು ಪರದೆ ನೋಡಿಯೇ ರೋಗ ಹೇಳುತ್ತೇನೆ. ಪ್ರಶ್ನಾರ್ಥಕ ಚಿಹ್ನೆ ಬಂದರೆ ಸೇವ್ ಮಾಡುವಾಗಲೇ ಅಕ್ಷರ ಸತ್ತಿದೆ. ಖಾಲಿ ಚೌಕಗಳು ಬಂದರೆ ಅಕ್ಷರ ಜೀವಂತ ಇದೆ, ಪ್ಲೇಯರ್ ಬಳಸುತ್ತಿರುವ ಫಾಂಟ್‌ನಲ್ಲಿ ಕನ್ನಡ ಇಲ್ಲ ಅಷ್ಟೇ. ತಲೆಯ ಮೇಲೆ ಗೀಟು ಚುಕ್ಕಿ ಇರುವ ವಿಚಿತ್ರ ರೋಮನ್ ಅಕ್ಷರಗಳು ಸಾಲುಗಟ್ಟಿ ಬಂದರೆ ಫೈಲ್ ಸರಿ ಇದೆ, ಪ್ಲೇಯರ್ ಅದನ್ನು ತಪ್ಪು ಕ್ರಮದಲ್ಲಿ ಓದುತ್ತಿದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು, ಪ್ಲೇಯರ್ ಆ ಮೂರನ್ನೂ ಬೇರೆ ಬೇರೆ ಅಕ್ಷರ ಅಂತ ಓದಿದರೆ ಒಂದು ಪದ ಅರ್ಧ ಸಾಲಿನಷ್ಟು ಉದ್ದವಾಗುತ್ತದೆ. ನಾಲ್ಕನೆಯದೂ ಒಂದಿದೆ. ಹಳೆಯ ನುಡಿ ಅಥವಾ ಬರಹ ಸಾಫ್ಟ್‌ವೇರ್‌ನ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪಠ್ಯ. ಅದು ಕಂಪ್ಯೂಟರ್‌ನ ಕಣ್ಣಿಗೆ ಕನ್ನಡವೇ ಅಲ್ಲ, ರೋಮನ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದ್ದು. ಮೊದಲು ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರ್ ಕನ್ನಡ ಅಂತಲೇ ಗುರುತಿಸುವ ಕ್ರಮಕ್ಕೆ ಬದಲಾಯಿಸಿಕೊಳ್ಳದೆ ಬೇರೆ ದಾರಿ ಇಲ್ಲ.

ಮದ್ದು ದೊಡ್ಡದೇನಲ್ಲ. ಫೈಲನ್ನು ಯುಟಿಎಫ್-8ರಲ್ಲಿ ಸೇವ್ ಮಾಡಬೇಕು. ವಿಡಿಯೊದ ಹೆಸರೇ ಸಬ್‌ಟೈಟಲ್‌ಗೂ ಇಟ್ಟು, ಕೊನೆಗೆ ಎಸ್‌ಆರ್‌ಟಿ (.srt) ಅಂತ ಸೇರಿಸಿ, ಎರಡನ್ನೂ ಒಂದೇ ಫೋಲ್ಡರ್‌ನಲ್ಲಿ ಇಟ್ಟರೆ ಅದು ತಾನಾಗಿಯೇ ಬರುತ್ತದೆ. ವಿಎಲ್‌ಸಿಯಲ್ಲಿ ಕಂಟ್ರೋಲ್ ಮತ್ತು ಪಿ ಒಟ್ಟಿಗೆ ಒತ್ತಿದರೆ ಪ್ರಿಫರೆನ್ಸಸ್ ಅನ್ನುವ ಸೆಟ್ಟಿಂಗ್ ಕಿಟಕಿ ತೆರೆಯುತ್ತದೆ. ಅಲ್ಲಿ ಸಬ್‌ಟೈಟಲ್ ವಿಭಾಗಕ್ಕೆ ಹೋಗಿ ಎನ್‌ಕೋಡಿಂಗ್ ಅನ್ನುವಲ್ಲಿ ಯುಟಿಎಫ್-8 ಆರಿಸಿ, ಫಾಂಟ್ ಅನ್ನುವಲ್ಲಿ ನಿರ್ಮಲಾ ಯುಐ ಅಥವಾ ನೋಟೊ ಸ್ಯಾನ್ಸ್ ಕನ್ನಡ ಕೊಡಿ. ವಿಂಡೋಸ್‌ನಲ್ಲಿ ತುಂಗಾ ಅಂತಲೂ ಒಂದು ಇದೆ, ಆದರೆ ದೂರದಿಂದ ಓದಲು ನನಗೆ ಅದು ತೀರಾ ತೆಳು ಅನ್ನಿಸುತ್ತದೆ. ಸೇವ್ ಒತ್ತಿ. ಪ್ಲೇಯರ್ ಮುಚ್ಚಿ ಮತ್ತೆ ತೆರೆಯಿರಿ, ತೆರೆಯದಿದ್ದರೆ ಏನೂ ಬದಲಾಗಿಲ್ಲ ಅನ್ನಿಸುತ್ತದೆ. ಹಳೆಯ ವಿಎಲ್‌ಸಿ ಇಟ್ಟುಕೊಂಡವರಿಗೆ ಒತ್ತಕ್ಷರಗಳು ಕಳಚಿ ಪಕ್ಕದಲ್ಲಿ ಬೀಳುತ್ತಿದ್ದರೆ, ಮೂರನೆಯ ಸರಣಿಯ ಆವೃತ್ತಿ ಹಾಕಿಕೊಂಡು ನೋಡಲಿ. ನನ್ನಲ್ಲಿ ಅದರಿಂದಲೇ ಸರಿಹೋಯಿತು.

ಅಕ್ಷರ ಸರಿ ಬಂತು, ಆದರೆ ಮಾತಿಗೆ ಮೊದಲೇ ಸಬ್‌ಟೈಟಲ್ ಓಡುತ್ತಿದೆ. ಆಗ ಎಚ್ ಕೀ ಒತ್ತಿ, ಒಂದು ಸಲಕ್ಕೆ 50 ಮಿಲಿಸೆಕೆಂಡ್ ತಡವಾಗುತ್ತದೆ. ಹಿಂದೆ ಬಿದ್ದಿದ್ದರೆ ಜಿ ಕೀ. ಅಂದರೆ ಒಂದು ಸೆಕೆಂಡ್ ಸರಿಸಲು 20 ಸಲ ಒತ್ತಬೇಕು. ವ್ಯತ್ಯಾಸ ಜಾಸ್ತಿ ಇದ್ದರೆ ಬೆರಳು ನೋಯಿಸಿಕೊಳ್ಳಬೇಡಿ. ಒಂದು ಮಾತು ಕಿವಿಗೆ ಬಿದ್ದ ಕೂಡಲೇ ಶಿಫ್ಟ್ ಮತ್ತು ಎಚ್, ಅದೇ ಮಾತು ಪರದೆಯಲ್ಲಿ ಕಂಡ ಕೂಡಲೇ ಶಿಫ್ಟ್ ಮತ್ತು ಜೆ, ಆಮೇಲೆ ಶಿಫ್ಟ್ ಮತ್ತು ಕೆ. ಎರಡನ್ನೂ ಅದೇ ಹೊಂದಿಸಿಕೊಳ್ಳುತ್ತದೆ. ಇದು ಗೊತ್ತಾದ ದಿನ ನಾನು ಮನೆಯವರನ್ನೆಲ್ಲ ಕರೆದು ತೋರಿಸಿದೆ, ಯಾರಿಗೂ ಅಷ್ಟೇನೂ ಖುಷಿಯಾಗಲಿಲ್ಲ.

ಕೆಲವು ಸಲ ಶುರುವಿನಲ್ಲಿ ಸರಿ ಇದ್ದು ಹೋಗ್ತಾ ಹೋಗ್ತಾ ತಪ್ಪುತ್ತದೆ, ಅದು ಬೇರೆ ಜಾತಿಯ ತೊಂದರೆ. ವಿಡಿಯೊ ಸೆಕೆಂಡಿಗೆ 23.976 ಚಿತ್ರಗಳ ಲೆಕ್ಕದ್ದು, ಸಬ್‌ಟೈಟಲ್ ಮಾತ್ರ 25ರ ಲೆಕ್ಕದ ಪ್ರತಿಗೆ ಬರೆದದ್ದು ಅಂದರೆ ಒಂದು ಗಂಟೆ ಕಳೆಯುವಷ್ಟರಲ್ಲಿ ಸುಮಾರು ಎರಡೂವರೆ ನಿಮಿಷದ ಅಂತರ ಬೀಳುತ್ತದೆ. ಇಲ್ಲಿ ಜಿ, ಎಚ್ ಒತ್ತುತ್ತಾ ಕೂತರೆ ಸಿನಿಮಾ ಮುಗಿಯುವವರೆಗೂ ಅದೇ ಕೆಲಸ. ಟೂಲ್ಸ್ ಮೆನುವಿನಲ್ಲಿ ಟ್ರ್ಯಾಕ್ ಸಿಂಕ್ರೊನೈಸೇಶನ್ ಅಂತ ಇದೆ, ಅಲ್ಲಿ ಸಬ್‌ಟೈಟಲ್‌ನ ವೇಗವನ್ನೇ ಬದಲಾಯಿಸಬಹುದು. ಸಾಧ್ಯವಾದರೆ ಆ ಪ್ರತಿಗೇ ಸರಿಹೊಂದುವ ಇನ್ನೊಂದು ಸಬ್‌ಟೈಟಲ್ ಹುಡುಕುವುದು ಇನ್ನೂ ಸುಲಭ.

ಧ್ವನಿಯ ವಿಷಯ. ನಮ್ಮಪ್ಪನಿಗೆ ಕಿವಿ ಸ್ವಲ್ಪ ಮಂದ. ಸಿನಿಮಾ ಹಾಕಿದರೆ ಒಂದು ಕೈ ಸದಾ ಸ್ಪೀಕರ್‌ನ ತಿರುಗಣೆ ಮೇಲೆ. ಮಾತು ಬಂದಾಗ ಏರಿಸುತ್ತಾರೆ, ಹೊಡೆದಾಟ ಬಂದಾಗ ಬೆಚ್ಚಿ ಇಳಿಸುತ್ತಾರೆ, ಅಷ್ಟರಲ್ಲಿ ಮುಂದಿನ ಮಾತು ತಪ್ಪಿರುತ್ತದೆ, "ಏನಂದ ಅವನು?" ಅಂತ ನಮ್ಮನ್ನು ಕೇಳುತ್ತಾರೆ. ಕಿವಿಯ ದೋಷ ಅಂತಲೇ ನಾವೂ ತಿಳಿದಿದ್ದೆವು. ಪೂರ್ತಿ ಕಿವಿಯದಲ್ಲ. ಎಷ್ಟೋ ಸಿನಿಮಾಗಳ ಧ್ವನಿ ಆರು ಸ್ಪೀಕರ್‌ಗಳ ಲೆಕ್ಕದ್ದು, ಮಾತೆಲ್ಲ ಹೆಚ್ಚಾಗಿ ನಡುವಿನ ಸ್ಪೀಕರ್‌ಗೆ ಮೀಸಲು. ಎರಡೇ ಸ್ಪೀಕರ್ ಇರುವಲ್ಲಿ ಎಲ್ಲವನ್ನೂ ಬೆರೆಸಿದಾಗ ಮಾತು ಸದ್ದಿನಡಿ ಮುಳುಗುತ್ತದೆ. ಕಂಟ್ರೋಲ್ ಮತ್ತು ಇ ಒತ್ತಿ, ಧ್ವನಿಯ ಪಟ್ಟಿಯಲ್ಲಿ ಕಂಪ್ರೆಸರ್ ಅನ್ನುವುದಕ್ಕೆ ಟಿಕ್ ಹಾಕಿದೆ. ದೊಡ್ಡ ಸದ್ದನ್ನು ಅದುಮಿ ಸಣ್ಣದನ್ನು ಮೇಲೆತ್ತುವ ಕೆಲಸ ಅದರದ್ದು. ಗುಂಡಿಗಳನ್ನು ಒಂದಷ್ಟು ಹೊತ್ತು ಮೇಲೆ ಕೆಳಗೆ ಆಡಿಸಿ, ಅಪ್ಪ "ಹಾಂ, ಇಲ್ಲೇ ಬಿಡು" ಅಂದ ಕಡೆ ನಿಲ್ಲಿಸಿದೆ. ಈಗ ಅವರ ಕೈ ತೊಡೆಯ ಮೇಲಿರುತ್ತದೆ. ವಾಲ್ಯೂಮನ್ನು 100 ದಾಟಿಸಿ 125ರವರೆಗೆ ಏರಿಸುವ ಅನುಕೂಲವೂ ಇದರಲ್ಲಿದೆ. ಆದರೆ ಸಣ್ಣ ಲ್ಯಾಪ್‌ಟಾಪ್ ಸ್ಪೀಕರ್ ಮೇಲೆ ಯಾವಾಗಲೂ ಹಾಗೇ ಓಡಿಸಬೇಡಿ, ಧ್ವನಿ ಒಡೆಯುತ್ತದೆ.

ಚಿತ್ರ ತಡವರಿಸಿ ತಡವರಿಸಿ ಬಂದರೆ, ಫ್ಯಾನ್ ಗುಂಯ್ ಅನ್ನತೊಡಗಿದರೆ, ಕಂಟ್ರೋಲ್ ಮತ್ತು ಜೆ ಒತ್ತಿ ನೋಡಿ. ಒಳಗೆ ಯಾವ ಕೋಡೆಕ್ ಇದೆ ಅಂತ ತೋರಿಸುತ್ತದೆ. ಎಚ್.265 ಅಥವಾ ಅದರದೇ ಇನ್ನೊಂದು ಹೆಸರಾದ ಎಚ್‌ಇವಿಸಿ (HEVC) ಅಂತಿದ್ದು ನಿಮ್ಮ ಕಂಪ್ಯೂಟರ್ 2013ಕ್ಕಿಂತ ಹಳೆಯದಾದರೆ, ಅದನ್ನು ಬಿಡಿಸುವ ವಿಶೇಷ ಭಾಗ ಅದರ ಚಿಪ್‌ನಲ್ಲೇ ಇರುವುದಿಲ್ಲ. ಇಡೀ ಹೊರೆ ಪ್ರೊಸೆಸರ್ ಮೇಲೆ ಬೀಳುತ್ತದೆ. ಅದಕ್ಕೆ ಯಾವ ಪ್ಲೇಯರೂ ಏನೂ ಮಾಡಲಾರದು, ಎಚ್.264ರ ಪ್ರತಿ ನೋಡಿಕೊಳ್ಳಿ. ಕಂಪ್ಯೂಟರ್ ಹೊಸದೇ ಆಗಿದ್ದರೂ ಹೀಗಾದರೆ ಪ್ರಿಫರೆನ್ಸಸ್‌ನ ಕೋಡೆಕ್ ವಿಭಾಗದಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಅನ್ನು ಒಮ್ಮೆ ಆಫ್ ಮಾಡಿ, ಒಮ್ಮೆ ಆನ್ ಮಾಡಿ ನೋಡಿ. ಹಸಿರು ಪಟ್ಟೆಗಳು ಬರುತ್ತಿದ್ದರೂ ಇದೇ ಮೊದಲ ಪ್ರಯೋಗ.

ನಾನು ದಿನಾ ಇದನ್ನು ಬಳಸುವುದು ಸಿನಿಮಾಕ್ಕಲ್ಲ, ಬರೆದುಕೊಳ್ಳುವುದಕ್ಕೆ. ರೆಕಾರ್ಡ್ ಮಾಡಿದ ಮಾತುಕತೆಗಳನ್ನು ಕೇಳಿ ಟೈಪ್ ಮಾಡುವುದು ನನ್ನ ಕೆಲಸ. ಎಡಗಡೆಯ ಚೌಕ ಆವರಣದ ಕೀ ಒತ್ತಿದರೆ ವೇಗ ಸ್ವಲ್ಪ ತಗ್ಗುತ್ತದೆ, ಬಲಗಡೆಯದು ಒತ್ತಿದರೆ ಏರುತ್ತದೆ, ಸಮ ಚಿಹ್ನೆ ಒತ್ತಿದರೆ ಮೊದಲಿನಂತೆ. 0.7 ವೇಗದಲ್ಲಿ ನನ್ನ ಬೆರಳು ಮಾತಿನ ಜೊತೆಗೇ ನಡೆಯುತ್ತದೆ. ಅದರಲ್ಲೂ ಒಂದು ಗುಟ್ಟಿದೆ. ಪ್ರಿಫರೆನ್ಸಸ್‌ನ ಹಾಟ್‌ಕೀ ಪಟ್ಟಿಯಲ್ಲಿ ಗ್ಲೋಬಲ್ ಅಂತ ಒಂದು ಕಂಬಸಾಲು ಇರುತ್ತದೆ. ಅಲ್ಲಿ ನಿಲ್ಲಿಸುವುದಕ್ಕೆ, ಹಿಂದೆ ಹೋಗುವುದಕ್ಕೆ ಒಂದೊಂದು ಕೀ ಕೊಟ್ಟರೆ, ನೀವು ಬೇರೆ ಕಿಟಕಿಯಲ್ಲಿ ಟೈಪ್ ಮಾಡುತ್ತಿರುವಾಗಲೂ ಅದು ಮಾತು ಕೇಳುತ್ತದೆ. ನಾನು ಎಫ್9 ನಿಲ್ಲಿಸಲು, ಎಫ್8 ಮೂರು ಸೆಕೆಂಡ್ ಹಿಂದೆ ಹೋಗಲು ಇಟ್ಟುಕೊಂಡಿದ್ದೇನೆ. ಮೊದಲು ಮೌಸ್ ಹಿಡಿದು ಆ ಕಿಟಕಿಗೂ ಈ ಕಿಟಕಿಗೂ ಓಡಾಡುತ್ತಿದ್ದೆ. ಆ ಓಡಾಟದಲ್ಲೇ ಅರ್ಧ ದಿನ ಹೋಗುತ್ತಿತ್ತು.

ಇಷ್ಟು ಹೊಗಳಿದೆ ಅಂತ ಇದರಲ್ಲಿ ಕೊರತೆಯೇ ಇಲ್ಲ ಅನ್ನುತ್ತಿಲ್ಲ. ಪ್ರಿಫರೆನ್ಸಸ್‌ನ ಕೆಳಗೆ ಆಲ್ ಅನ್ನುವುದನ್ನು ಒತ್ತಿ ನೋಡಿ, ಕಾಡಿಗೆ ಹೊಕ್ಕ ಹಾಗಾಗುತ್ತದೆ. ಅಲ್ಲಿ ಸುಮ್ನೆ ಕೈಯಾಡಿಸಲು ಹೋಗಿ ನಾನೊಮ್ಮೆ ಚಿತ್ರವನ್ನೇ ಕಳೆದುಕೊಂಡಿದ್ದೆ, ಧ್ವನಿ ಮಾತ್ರ ಬರುತ್ತಿತ್ತು. ಕೆಳಗೆ ರೀಸೆಟ್ ಪ್ರಿಫರೆನ್ಸಸ್ ಅನ್ನುವ ಬಟನ್ ಇದೆ, ಅದು ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುತ್ತದೆ. ಅದೊಂದು ಇದೆ ಅಂತ ಗೊತ್ತಿದ್ದರೆ ಹೊಸಬರಿಗೆ ಅರ್ಧ ಹೆದರಿಕೆ ಹೋಗುತ್ತದೆ. ಸಾವಿರಾರು ಹಾಡುಗಳನ್ನು ಗಾಯಕರ ಹೆಸರು, ಆಲ್ಬಮ್ ಅಂತ ಜೋಡಿಸಿ ಇಡುವವರಿಗೆ ಇದರ ಪಟ್ಟಿ ಸಾಲದು, ಅದಕ್ಕೆ ಬೇರೆ ಪ್ಲೇಯರ್ ನೋಡಿಕೊಳ್ಳಬೇಕು. ಮೆನು ಗಿನು ಏನೂ ಬೇಡ, ಕೀಲಿಮಣೆ ಸಾಕು ಅನ್ನುವವರಿಗೆ ಎಂಪಿವಿ ಇದೆ, ನನಗೆ ಅದೂ ಇಷ್ಟ. ಇನ್ನೊಂದು, ವಿಡಿಯೊ ಫೈಲ್‌ನಲ್ಲೂ ಕಂಪ್ಯೂಟರ್ ಕೆಡಿಸುವ ತುಣುಕು ಅಡಗಿಸಿ ಕಳಿಸುವವರಿದ್ದಾರೆ. ಆದ್ದರಿಂದ ಹೆಲ್ಪ್ ಮೆನುವಿನ ಅಪ್‌ಡೇಟ್ ಪರೀಕ್ಷೆಯನ್ನು ಆಗಾಗ ಒತ್ತಬೇಕು, ವರ್ಷಗಟ್ಟಲೆ ಹಳೆಯದನ್ನೇ ಇಟ್ಟುಕೊಳ್ಳಬಾರದು.

ಈಗ ನನ್ನ ಕೋರಿಕೆ. ಆ ಓದುಗರು ನಿಮ್ಮ ಉತ್ತರ ನಂಬಿ ಈಗಾಗಲೇ ಯಾವುದೋ ಕೋಡೆಕ್ ಪ್ಯಾಕ್ ಹಾಕಿಕೊಂಡಿರಬಹುದು. ಅಂಥವರು ಮೊದಲು ವಿಂಡೋಸ್‌ನ ಆ್ಯಪ್ ಪಟ್ಟಿಗೆ ಹೋಗಿ ಅದನ್ನೂ, ಅದೇ ದಿನಾಂಕಕ್ಕೆ ಅವರಿಗೆ ಗೊತ್ತಿಲ್ಲದೆ ಬಂದು ಕೂತ ಉಳಿದವನ್ನೂ ಅನ್‌ಇನ್‌ಸ್ಟಾಲ್ ಮಾಡಲಿ. ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿದರೆ ಎಲ್ಲವೂ ಒಟ್ಟಿಗೇ ಸಿಗುತ್ತವೆ. ಕಂಪ್ಯೂಟರ್ ಒಮ್ಮೆ ರೀಸ್ಟಾರ್ಟ್ ಮಾಡಿ, ಆಮೇಲೆ ಪ್ಲೇಯರ್ ಹಾಕಿಕೊಳ್ಳಲಿ. ಮುಂದಿನ ವಾರದ ಅಂಕಣದಲ್ಲಿ ತಿದ್ದುಪಡಿ ಹಾಕಿ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬೇಡ, ಪ್ರಶ್ನೆ ಬಂದಿದ್ದ ಜಾಗದಲ್ಲೇ ಹಾಕಿ. ಜಾಗ ಕಡಿಮೆ ಇದ್ದರೆ ನನ್ನ ಪತ್ರದಲ್ಲಿ ಎಲ್ಲಿ ಬೇಕಾದರೂ ಕತ್ತರಿ ಆಡಿಸಿ, ಕೋನ್‌ನ ಕಥೆ ಬಿಟ್ಟರೂ ನಡೆಯುತ್ತದೆ. ಡೌನ್‌ಲೋಡ್ ವಿಳಾಸವನ್ನು ಮಾತ್ರ ಒಂದಕ್ಷರ ತಪ್ಪಿಲ್ಲದೆ ಮುದ್ರಿಸಿ, ನಕಲಿ ಪುಟಗಳು ಕಾಯುತ್ತಾ ಕೂತಿರುವುದು ಆ ಒಂದಕ್ಷರಕ್ಕೇ.

ಇಂತಿ,
ನಿಮ್ಮ ಹಳೆಯ ಓದುಗ